ಬೇಸಗೆಯ ಬೆಳಕೂ ಹವ್ಯಾಸಿಯ ಕ್ಯಾಮರಾವೂ

ಫಾಲ್ಗುಣ ಕಳೆದು ಚೈತ್ರ ಕಾಲಿಟ್ಟಿತೆಂದರೆ ಮೈಸೂರು ಬೆಂಗಳೂರುಗಳ ಬೀದಿಗಳಲ್ಲಿ ಮರಗಳು ಸರದಿಯಿಂದ ಹೂವೇರುವುದನ್ನು ತಾವೆಲ್ಲರೂ ಕಂಡಿದ್ದೀರಿ. ಎಲೆಯನ್ನೆಲ್ಲ ಉದುರಿಸಿದ ಟಬೂಬಿಯ ಮೊದಲು ಹಳದಿಯಾಗಿಯೂ ನಸುಗೆಂಪಾಗಿಯೂ ನಿಲ್ಲುತ್ತದೆ. ಅದರ ಬೆನ್ನಿಗೇ ಜಕರಂದದ ನೀಲಿ. ಬಳಿಕ ಹೊಂಗೆಯ ಎಳೆಚಿಗುರು. ಏಪ್ರಿಲಿನ ನಡುವಿಗೆ ಗುಲ್‌ಮೊಹರಿನ ಕೆಂಪು, ಕಕ್ಕೆಯ ಹೊನ್ನಿನ ಜೊಂಪೆ. ಈ ಸರದಿಯಲ್ಲಿ ಪ್ರಕೃತಿಯ ಕೃಪೆಯೊಡನೆ ಮನುಷ್ಯನ ಯೋಜನೆಯೂ ಸೇರಿದೆ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಜರ್ಮನಿಯ ತೋಟಗಾರಿಕಾ ತಜ್ಞ ಕ್ರುಂಬಿಗಲ್ಲರು, ಒಂದು ಜಾತಿಯ ಹೂ ಮುಗಿಯುವ ಹೊತ್ತಿಗೆ ಇನ್ನೊಂದು ಅರಳುವಂತೆ ಬೀದಿಯ ಮರಗಳನ್ನು ಆರಿಸಬೇಕೆಂದು ಬಯಸಿದರು. ಅವರ ಆ ಬಯಕೆಯ ಫಲವನ್ನು ನಾವು ಇಂದಿಗೂ ಕಣ್ಣಿನಿಂದ ಉಣ್ಣುತ್ತಿದ್ದೇವೆ.

ಇಂಥ ಸಂಭ್ರಮವನ್ನು ಕಂಡವನ ಕೈ ತಾನಾಗಿಯೇ ಕ್ಯಾಮರಾವನ್ನು ಹುಡುಕುತ್ತದೆ. ಒಂದು ಕಾಲಕ್ಕೆ ಅದು ಉಳ್ಳವರ ಸೊತ್ತಾಗಿತ್ತು. ಈಗ ದೂರವಾಣಿಯೊಳಗೆ ಅಡಗಿ ಎಲ್ಲರ ಜೇಬಿನಲ್ಲಿಯೂ ಕುಳಿತಿದೆ. ಆದರೆ ಸಂಜೆ ಮನೆಗೆ ಬಂದು, ಹಗಲು ತೆಗೆದ ಪಟಗಳನ್ನು ಸಾವಧಾನವಾಗಿ ನೋಡುವಾಗ ಎಷ್ಟು ಜನಕ್ಕೆ ನಿರಾಶೆಯಾಗಿಲ್ಲ! ಕಣ್ಣಿಗೆ ಉರಿಯುವ ಕೆಂಡದಂತಿದ್ದ ಗುಲ್‌ಮೊಹರು ಪಟದಲ್ಲಿ ಕುಂಕುಮದ ಮುದ್ದೆಯಾಗಿದೆ; ಒಂದು ದಳಕ್ಕೂ ಇನ್ನೊಂದಕ್ಕೂ ಭೇದವಿಲ್ಲ. ನೀಲಿಯಾಗಿದ್ದ ಆಕಾಶ ಸುಣ್ಣ ಬಳಿದ ಗೋಡೆಯಾಗಿದೆ. ಮರದ ಕೆಳಗೆ ನಿಂತಿದ್ದ ಮಗುವಿನ ಮುಖದಲ್ಲಿ ಕಣ್ಣಿರಬೇಕಾದ ಕಡೆ ಎರಡು ಕಪ್ಪು ಗುಳಿಗಳಿವೆ. ಇದು ಕ್ಯಾಮರಾದ ದೋಷವೆಂದು ಕೆಲವರು ಇನ್ನೂ ಹೆಚ್ಚು ಬೆಲೆಯದನ್ನು ಕೊಳ್ಳುತ್ತಾರೆ. ನಾನೂ ಹಾಗೆ ಒಮ್ಮೆ ಕೊಂಡವನೇ. ಮುಂದಿನ ಬೇಸಗೆಯಲ್ಲಿ ಅದೇ ಕೆಂಪು ಮುದ್ದೆ ಹೆಚ್ಚು ಸ್ಪಷ್ಟವಾಗಿ ಬಂದಿತು.

ಈ ನಿರಾಶೆಯ ಮೂಲ ಎಲ್ಲಿದೆಯೆಂಬುದನ್ನು ವಿಚಾರಿಸೋಣ. ನಮ್ಮ ಕಣ್ಣು ಬಹಳ ಉದಾರಿ. ನೆತ್ತಿಯ ಬಿಸಿಲಿನಲ್ಲಿ ಬೆಳಕಿನ ಪ್ರಮಾಣ ಸುಮಾರು 1,00,000 ಲಕ್ಸ್ ಇರುತ್ತದೆ; ಅದೇ ಹೊತ್ತಿನಲ್ಲಿ ನಡುಮನೆಯೊಳಗೆ ಕೆಲವು ನೂರು ಮಾತ್ರ. ಅಂಗಳದಿಂದ ಒಳಗೆ ಬಂದವನ ಕಣ್ಣು ಒಂದು ಕ್ಷಣ ಕತ್ತಲೆಗಟ್ಟಿ, ಮರುಕ್ಷಣವೇ ಹೊಂದಿಕೊಳ್ಳುತ್ತದೆ. ಬೀದಿಯಲ್ಲಿ ನಿಂತು ನೋಡುವಾಗಲೂ ಹೀಗೆಯೇ: ಹೂವಿನ ಮೇಲೆ ಒಂದು ಗಳಿಗೆ, ನೆರಳಿನ ಮೇಲೆ ಇನ್ನೊಂದು ಗಳಿಗೆ ದೃಷ್ಟಿ ಹರಿದಾಡಿ, ಅಲ್ಲಲ್ಲಿಗೆ ತಕ್ಕಂತೆ ತನ್ನ ಬಾಗಿಲನ್ನು ಹಿಗ್ಗಿಸಿ ಕುಗ್ಗಿಸಿ, ಕೊನೆಗೆ ಮನಸ್ಸು ಇವನ್ನೆಲ್ಲ ಸೇರಿಸಿ ಒಂದೇ ಚಿತ್ರವನ್ನಾಗಿ ಮಾಡಿಕೊಳ್ಳುತ್ತದೆ. ಕ್ಯಾಮರಾಕ್ಕೆ ಈ ಅವಕಾಶವಿಲ್ಲ. ಅದು ಒಂದು ಸಲ ಬಾಗಿಲು ತೆರೆದು ಒಂದು ಸಲ ಮುಚ್ಚುವ ಯಂತ್ರ. ಬಿಸಿಲಿಗೆ ಅಳತೆ ಮಾಡಿದರೆ ನೆರಳು ಮಸಿಯಾಗುತ್ತದೆ; ನೆರಳಿಗೆ ಅಳತೆ ಮಾಡಿದರೆ ಬಿಸಿಲು ಸುಣ್ಣವಾಗುತ್ತದೆ. ಸಾಲದುದಕ್ಕೆ, ತನ್ನ ಮುಂದಿರುವುದೆಲ್ಲ ಸರಾಸರಿಗೆ ಬೂದುಬಣ್ಣದ್ದೆಂದು ನಂಬಿ ಅಳೆಯುವುದು ಅದರ ಒಳಗಿನ ಮಾಪಕದ ಸ್ವಭಾವ. ಮಲ್ಲಿಗೆಯ ರಾಶಿಯನ್ನು ತೋರಿಸಿದರೆ ಅದನ್ನು ಮಂಕು ಮಾಡುತ್ತದೆ. ಎಮ್ಮೆಯನ್ನು ತೋರಿಸಿದರೆ ಬೂದಿ ಬಳಿಯುತ್ತದೆ.

ಇದರ ಮೇಲೆ ನಮಗೆ ಒಂದು ಹಳೆಯ ಉಪದೇಶದ ಭಾರವೂ ಇದೆ. ಸೂರ್ಯನು ಬೆನ್ನ ಹಿಂದಿರುವಂತೆ ನಿಂತು ಪಟ ತೆಗೆಯಬೇಕೆಂದು ನಮ್ಮ ತಂದೆ ತಾತಂದಿರು ಹೇಳುತ್ತಿದ್ದರು. 1900ರಲ್ಲಿ ಕೊಡಕ್ ಸಂಸ್ಥೆಯವರು ಒಂದು ಡಾಲರಿಗೆ ಮಾರಿದ ಬ್ರೌನಿ ಎಂಬ ಪೆಟ್ಟಿಗೆ ಕ್ಯಾಮರಾದ ಕಾಲಕ್ಕೆ ಅದು ತಕ್ಕ ಮಾತೇ ಆಗಿತ್ತು. ಅಂದಿನ ಫಿಲ್ಮು ಮಂದ, ಮಸೂರ ಸರಳ, ಬಿಸಿಲು ನೇರವಾಗಿ ವಸ್ತುವಿನ ಮೇಲೆ ಬೀಳದಿದ್ದರೆ ಪಟವೇ ಮೂಡುತ್ತಿರಲಿಲ್ಲ. ಈಗಿನ ಸಾಧನಗಳಿಗೆ ಆ ಕಷ್ಟವಿಲ್ಲ. ಆದರೂ ಉಪದೇಶ ಮಾತ್ರ ಉಳಿದುಕೊಂಡಿದೆ. ಬೆನ್ನ ಹಿಂದಿನ ಸೂರ್ಯ ವಸ್ತುವಿನ ನೆರಳನ್ನೆಲ್ಲ ವಸ್ತುವಿನ ಹಿಂದಕ್ಕೆ ತಳ್ಳಿಬಿಡುತ್ತಾನೆ. ನೆರಳಿಲ್ಲದ ಕಡೆ ಉಬ್ಬುತಗ್ಗು ಕಾಣದು. ಮರವು ಕಾಗದದಲ್ಲಿ ಕತ್ತರಿಸಿ ಅಂಟಿಸಿದಂತಾಗುತ್ತದೆ.

ಇನ್ನು ಪುಸ್ತಕಗಳಲ್ಲಿ ಕಾಣುವ ಎರಡನೆಯ ಉಪದೇಶ, ಸೂರ್ಯೋದಯ ಸೂರ್ಯಾಸ್ತಗಳ ಹೊಂಬೆಳಕಿನಲ್ಲಿಯೇ ಚಿತ್ರ ತೆಗೆಯಿರಿ ಎಂಬುದು. ಇದು ಸುಳ್ಳಲ್ಲ; ಆದರೆ ಬಹುಮಟ್ಟಿಗೆ ದೂರದ ಉತ್ತರದೇಶಗಳಲ್ಲಿ ಹುಟ್ಟಿದ ಮಾತು. ಲಂಡನ್ ನಗರದಲ್ಲಿ ಬೇಸಗೆಯ ಅತಿ ದೀರ್ಘವಾದ ದಿನದ ನಡುಹಗಲಿನಲ್ಲಿಯೂ ಸೂರ್ಯನು 62 ಅಂಶಗಳಿಗಿಂತ ಮೇಲೇರನು. ದಿಗಂತದಿಂದ ಓರೆಯಾಗಿ, ಸಾವಕಾಶವಾಗಿ ಏಳುತ್ತಾನೆ, ಹಾಗೆಯೇ ಇಳಿಯುತ್ತಾನೆ. ಅಲ್ಲಿಯ ಹೊಂಬೆಳಕಿಗೆ ತಾಳ್ಮೆಯುಂಟು. ನಮ್ಮ ಸೂರ್ಯ ಏಣಿ ಹತ್ತುವವನಂತೆ ನೇರವಾಗಿ ಮೇಲೇರತಕ್ಕವನು. ಏಪ್ರಿಲ್ ಕೊನೆಯಲ್ಲಿ ಬೆಳಗ್ಗೆ ಆರರ ಸುಮಾರಿಗೆ ಮೂಡಿದರೆ, ಅರ್ಧ ಗಂಟೆಯೊಳಗೆ ಹೊನ್ನು ಕರಗಿಹೋಗುತ್ತದೆ. ಒಂಬತ್ತಕ್ಕೆ ದಿಗಂತಕ್ಕೂ ನೆತ್ತಿಗೂ ಇರುವ ದಾರಿಯಲ್ಲಿ ಹೆಚ್ಚುಕಡಮೆ ಅರ್ಧವನ್ನು ಕ್ರಮಿಸಿರುತ್ತಾನೆ. ಇಷ್ಟೇ ಅಲ್ಲ. ಮೈಸೂರಿನಲ್ಲಿ ಏಪ್ರಿಲ್ 22ರ ಆಸುಪಾಸಿನಲ್ಲಿಯೂ ಬೆಂಗಳೂರಿನಲ್ಲಿ 24ರ ಆಸುಪಾಸಿನಲ್ಲಿಯೂ ಮಧ್ಯಾಹ್ನ ಹನ್ನೆರಡೂಕಾಲು ಗಂಟೆ ದಾಟಿದ ಮೇಲೆ ಸೂರ್ಯ ನೆತ್ತಿಗೆ ಸರಿಯಾಗಿ ನಿಲ್ಲುತ್ತಾನೆ. ಆಗ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಶೂನ್ಯಛಾಯಾ ದಿನವೆಂದು ವಿಜ್ಞಾನದ ಆಸಕ್ತರು ಮಕ್ಕಳಿಗೆ ಇದನ್ನು ತೋರಿಸಿ ಸಂತೋಷಪಡುತ್ತಾರೆ. ಛಾಯಾಗ್ರಾಹಕನಿಗೆ ಮಾತ್ರ ಅದು ವರ್ಷದಲ್ಲೆಲ್ಲ ಕಠಿನವಾದ ಗಳಿಗೆ.

ಹಾಗಾದರೆ ಬೆಳಗಿನ ಅರ್ಧ ಗಂಟೆ, ಸಂಜೆಯ ಅರ್ಧ ಗಂಟೆ, ನಡುವೆ ಹನ್ನೊಂದು ಗಂಟೆಗಳ ಕಾಲ ಕ್ಯಾಮರಾವನ್ನು ಮಡಿಸಿಡಬೇಕೆ? ಹಾಗೆ ಮಡಿಸಿಟ್ಟರೆ ನಮ್ಮ ಬೇಸಗೆಯ ಮುಖ್ಯ ಭಾಗವನ್ನೇ ಬಿಟ್ಟಂತಾಯಿತು. ಏಕೆಂದರೆ ಬೇಸಗೆಯೆಂದರೆ ನಮಗೆ ಹೊಂಬೆಳಕಲ್ಲ, ನಡುಹಗಲು.

ಇಲ್ಲಿ ನಮ್ಮ ಭಾಷೆಯೇ ಒಂದು ದಾರಿಯನ್ನು ತೋರಿಸುತ್ತದೆಂದು ನನಗೆ ತೋರುತ್ತದೆ. ಪಶ್ಚಿಮದವರು ಈ ಕಲೆಗೆ ಬೆಳಕಿನ ಬರಹವೆಂಬ ಅರ್ಥದ ಹೆಸರನ್ನಿಟ್ಟರು. ನಾವು ಛಾಯಾಚಿತ್ರ ಎಂದೆವು. ಛಾಯೆಯೆಂದರೆ ನೆರಳು. ಪುರಾಣದಲ್ಲಿಯೂ ಛಾಯೆ ಸೂರ್ಯನ ಮನೆಯವಳೇ: ಸಂಜ್ಞಾದೇವಿಯು ಗಂಡನ ತಾಪವನ್ನು ತಾಳಲಾರದೆ ತನ್ನ ನೆರಳನ್ನೇ ತನ್ನ ಸ್ಥಾನದಲ್ಲಿ ನಿಲ್ಲಿಸಿ ತವರಿಗೆ ಹೊರಟುಹೋದಳೆಂಬ ಕಥೆಯನ್ನು ತಾವು ಬಲ್ಲಿರಿ. ಸೂರ್ಯನೊಡನೆ ಸಂಸಾರ ಮಾಡಬಲ್ಲವಳು ಛಾಯೆಯೊಬ್ಬಳೇ. ಬೇಸಗೆಯ ಪಟ ತೆಗೆಯತಕ್ಕವನು ಬಿಸಿಲಿಗೆ ಗುರಿಯಿಡದೆ ನೆರಳಿಗೆ ಗುರಿಯಿಡಬೇಕು. ಆಗ ಬಿಸಿಲು ತಾನಾಗಿಯೇ ಪಟದೊಳಗೆ ಬರುತ್ತದೆ.

ನಡುಹಗಲಿನಲ್ಲಿ ಒಂದು ಹೊಂಗೆಯ ಮರದ ಕೆಳಗೆ ನಿಂತು ನೆಲವನ್ನು ನೋಡಿ. ಎಲೆಗಳ ಸಂದಿನಿಂದ ಬಿದ್ದ ಬೆಳಕಿನ ಬಿಲ್ಲೆಗಳು ದುಂಡಗಿರುತ್ತವೆ. ಎಲೆಗಳ ಸಂದು ದುಂಡಗಿಲ್ಲ. ಮೂರು ಮೂಲೆಯದು, ಉದ್ದನೆಯದು, ಹರಿದದ್ದು, ಹೇಗೆ ಬೇಕಾದರೂ ಇರಬಹುದು. ಆದರೂ ಬಿಲ್ಲೆ ದುಂಡಗೆ ಬೀಳುವುದೇಕೆ? ಅದು ಸಂದಿನ ಆಕಾರವಲ್ಲ, ಸೂರ್ಯನ ಬಿಂಬ. ಕತ್ತಲೆಕೋಣೆಯ ಬಾಗಿಲ ಸಣ್ಣ ರಂಧ್ರದಿಂದ ಹೊರಗಿನ ದೃಶ್ಯ ಒಳಗೋಡೆಯ ಮೇಲೆ ತಲೆಕೆಳಗಾಗಿ ಮೂಡುವಂತೆಯೇ, ಪ್ರತಿಯೊಂದು ಕಿರುಸಂದೂ ಒಂದೊಂದು ಸೂರ್ಯನನ್ನು ನೆಲಕ್ಕೆ ಇಳಿಸುತ್ತದೆ. ಸೂರ್ಯನ ದೂರ ಅವನ ವ್ಯಾಸದ ಸುಮಾರು 108 ಪಟ್ಟು; ಆದುದರಿಂದ ಸುಮಾರು 11 ಮೀಟರ್ ಎತ್ತರದ ಸಂದಿನಿಂದ ಬಿದ್ದ ಬಿಲ್ಲೆ 10 ಸೆಂಟಿಮೀಟರ್ ಅಗಲವಿರುತ್ತದೆ. ಬಿಲ್ಲೆಯನ್ನು ಅಳೆದು ಕೊಂಬೆಯ ಎತ್ತರವನ್ನು ಹೇಳಬಹುದು! 2019ರ ಡಿಸೆಂಬರ್ 26ರಂದು ಬೆಳಗ್ಗೆ ಸೂರ್ಯಗ್ರಹಣವಾದಾಗ ಮೈಸೂರಿನ ಮರಗಳ ಕೆಳಗೆಲ್ಲ ಬಿಲ್ಲೆಗಳು ಹೋಗಿ ನೂರಾರು ಕುಡುಗೋಲುಗಳು ಬಿದ್ದಿದ್ದುವು. ಆಕಾಶವನ್ನು ನೋಡಲು ಅಂಜಿದವರೂ ನೆಲದಲ್ಲಿ ಗ್ರಹಣವನ್ನು ಕಂಡರು. ಕ್ಯಾಮರಾದ ಆದಿಪುರುಷ ಈ ಮರವೇ ಎಂದರೆ ಅತಿಶಯೋಕ್ತಿಯಲ್ಲ. ಆ ಮರದ ಕೆಳಗೆ ಕುಳಿತು, ಅದು ತಾನಾಗಿ ಬರೆಯುತ್ತಿರುವ ಚಿತ್ರವನ್ನು ಬಿಟ್ಟು ಮೇಲಿನ ಹೂವಿನ ಕಡೆಗೇ ಕ್ಯಾಮರಾವನ್ನೆತ್ತುವುದು ಹವ್ಯಾಸಿಗಳಲ್ಲಿ ಸಾಮಾನ್ಯವಾದ ಅಭ್ಯಾಸ.

ಹೂವನ್ನು ತೆಗೆಯಬಾರದೆಂದು ನಾನು ಹೇಳುತ್ತಿಲ್ಲ. ಹೇಗೆ ತೆಗೆಯಬೇಕೆಂಬುದರಲ್ಲಿ ಮಾತ್ರ ಭೇದ. ಮರದ ಒಳಗಡೆಯಿಂದ, ಕೊಂಬೆಗಳ ನೆರಳಿನಲ್ಲಿ ನಿಂತು, ಹೊರಗಿನ ಬಿಸಿಲು ಹೂವಿನ ದಳವನ್ನು ತೂರಿಬರುವಂತೆ ನೋಡಿ. ಹೊಂಗೆಯ ಚಿಗುರು ಮೇಲಿನಿಂದ ನೋಡಿದರೆ ಬರಿಯ ಹೊಳಪು; ಕೆಳಗಿನಿಂದ ನೋಡಿದರೆ ಎಣ್ಣೆದೀಪಕ್ಕೆ ಹಿಡಿದ ಹಸುರು ಗಾಜು. ಗುಲ್‌ಮೊಹರಿನ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಡಿಜಿಟಲ್ ಕ್ಯಾಮರಾ ಕೆಂಪು, ಹಸುರು, ನೀಲಿಗಳನ್ನು ಬೇರೆ ಬೇರೆಯಾಗಿ ಅಳೆಯುತ್ತದೆ. ಅತಿ ಗಾಢವಾದ ಕೆಂಪು ಎದುರಾದಾಗ ಕೆಂಪಿನ ಅಳತೆಪಾತ್ರೆ ಮಿಕ್ಕವುಗಳಿಗಿಂತ ಮೊದಲೇ ತುಂಬಿ ಚೆಲ್ಲಿಬಿಡುತ್ತದೆ. ದಳದ ಏರಿಳಿತಗಳೆಲ್ಲ ಆ ಚೆಲ್ಲಿದ ಭಾಗದಲ್ಲಿ ಹೋಗಿಬಿಡುತ್ತವೆ. ನಾನು ಮೊದಲು ಹೇಳಿದ ಕುಂಕುಮದ ಮುದ್ದೆಯ ರಹಸ್ಯ ಇದೇ. ಬೆಳಕನ್ನು ಒಂದು ಮೆಟ್ಟಿಲು, ಬೇಕಾದರೆ ಎರಡು ಮೆಟ್ಟಿಲು ತಗ್ಗಿಸಿ ತೆಗೆದರೆ ಪಾತ್ರೆ ತುಂಬುವುದಿಲ್ಲ. ಹಳೆಯ ಫಿಲ್ಮು ಬಳಸುವವರಿಗೆ ಈ ನಿಯಮ ತಿರುಗುಮುರುಗು: ನೆಗೆಟಿವಿನಲ್ಲಿ ಕಳೆದುಹೋಗುವುದು ನೆರಳಿನ ವಿವರ, ಆದುದರಿಂದ ನೆರಳಿಗೆ ಅಳತೆ ಮಾಡಬೇಕು. ಮಾಪಕವೇ ಇಲ್ಲದವರಿಗೆ ಒಂದು ಬಾಯಿಲೆಕ್ಕವುಂಟು. ತೆರವಾದ ಬಿಸಿಲಿನಲ್ಲಿ ರಂಧ್ರವನ್ನು ಎಫ್ 16ಕ್ಕೆ ಇಟ್ಟು, ಫಿಲ್ಮಿನ ವೇಗ 100 ಆಗಿದ್ದರೆ ಸೆಕೆಂಡಿನ ನೂರನೆಯ ಒಂದು ಭಾಗ ತೆರೆದರೆ ಸಾಕು.

ಕೈಯಲ್ಲಿ ದೂರವಾಣಿಯಷ್ಟೇ ಇರುವವರು ನಿರಾಶರಾಗಬೇಕಾದುದಿಲ್ಲ. ತೆರೆಯ ಮೇಲೆ ಹೂವನ್ನು ಬೆರಳಿನಿಂದ ಮುಟ್ಟಿದರೆ ಅದರ ಮಾಪಕ ಅಲ್ಲಿಯ ಬೆಳಕನ್ನು ಅಳೆಯುತ್ತದೆ; ಬಹುಪಾಲು ಯಂತ್ರಗಳಲ್ಲಿ ಅಲ್ಲಿಂದ ಬೆರಳನ್ನು ಕೆಳಕ್ಕೆಳೆದರೆ ಬೆಳಕು ತಗ್ಗುತ್ತದೆ. ಒಂದು ವಿಷಯದಲ್ಲಿ ಮಾತ್ರ ಈ ಯಂತ್ರದೊಡನೆ ನನಗೆ ಜಗಳವಿದೆ. ಅದು ಹೆಚ್ಚುಕಡಮೆ ಬೆಳಕಿನ ಹಲವು ಪಟಗಳನ್ನು ಕ್ಷಣಾರ್ಧದಲ್ಲಿ ತೆಗೆದು, ಸೇರಿಸಿ, ಕತ್ತಲೆಯನ್ನೆಲ್ಲ ತಿಳಿಯಾಗಿಸಿಕೊಡುತ್ತದೆ. ಮನೆಯವರ ಮುಖ ಕಾಣಬೇಕಾದಾಗ ಇದು ಉಪಕಾರವೇ. ಆದರೆ ಬೇಸಗೆಯ ನೆರಳಿಗೆ ಇದು ದ್ರೋಹ. ನೆರಳು ನೆರಳಿನಂತಿಲ್ಲದಿದ್ದರೆ ನೋಡುವವನಿಗೆ ಬಿಸಿಲಿನ ಕಾವು ತಟ್ಟುವುದು ಹೇಗೆ? ಆ ಏರ್ಪಾಟನ್ನು ನಿಲ್ಲಿಸಲು ಸಾಧ್ಯವಿದ್ದರೆ ನಿಲ್ಲಿಸಿ. ಇಲ್ಲದಿದ್ದರೆ ಬೆಳಕನ್ನು ಇನ್ನಷ್ಟು ತಗ್ಗಿಸಿ.

ನೆರಳನ್ನು ಹುಡುಕುವುದರಲ್ಲಿ ಮನುಷ್ಯನಿಗಿಂತ ಜಾಣರಾದ ಗುರುಗಳನ್ನು ನೋಡಬೇಕಾದರೆ ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟಿಗೆ ಹೋಗಬೇಕು. ಸಲೀಂ ಅಲಿಯವರ ಪ್ರೇರಣೆಯಿಂದ 1940ರಲ್ಲಿ ಪಕ್ಷಿಧಾಮವೆಂದು ಘೋಷಿತವಾದ ಈ ಕಾವೇರಿಯ ನಡುಗಡ್ಡೆಗಳಲ್ಲಿ ಬಣ್ಣದ ಕೊಕ್ಕರೆಗಳು ಬೇಸಗೆಯಲ್ಲಿಯೇ ಮರಿ ಮಾಡುತ್ತವೆ. ಮಧ್ಯಾಹ್ನದ ಬಿಸಿಲಿನಲ್ಲಿ ತಾಯಿಯೋ ತಂದೆಯೋ ಸೂರ್ಯನಿಗೆ ಬೆನ್ನು ಕೊಟ್ಟು, ರೆಕ್ಕೆಗಳನ್ನು ಅರ್ಧ ಬಿಚ್ಚಿ, ಗೂಡಿನ ಮೇಲೆ ಕೊಡೆಯಂತೆ ನಿಂತುಬಿಡುತ್ತದೆ. ಸೂರ್ಯ ಜರುಗಿದಂತೆ ತಾನೂ ಜರುಗುತ್ತದೆ. ದೋಣಿಯಲ್ಲಿ ಬಂದವರು ಹಾರುವ ಹಕ್ಕಿಗಾಗಿ ಕಾಯುತ್ತಾ, ನಿಂತ ಹಕ್ಕಿಯನ್ನು ಅಲಕ್ಷ್ಯ ಮಾಡುತ್ತಾರೆ. ಒಮ್ಮೆ ನನ್ನ ಪಕ್ಕದಲ್ಲಿದ್ದವರೊಬ್ಬರು ಹಕ್ಕಿಯನ್ನು ಏಳಿಸುವ ಉದ್ದೇಶದಿಂದ ಚಪ್ಪಾಳೆ ತಟ್ಟಿದರು. ದೋಣಿಯವರು ಗದರಿಸಿದುದು ನ್ಯಾಯವೇ ಆಯಿತು. ತಾಯಿ ಏಳುವುದೆಂದರೆ ಮರಿಯ ಮೇಲಿನ ನೆರಳು ಏಳುವುದು. ಆ ಬಿಸಿಲಿಗೆ ಬೋಳುಮೈಯ ಮರಿ ಬಹಳ ಹೊತ್ತು ತಾಳದು.

ಬಿಸಿಲಿನ ಮಾತು ಇಷ್ಟಾಯಿತು. ಬೇಸಗೆಗೆ ಇನ್ನೊಂದು ಮುಖವುಂಟು. ಅದು ಮಾವಿನ ಮಳೆಯದು. ಏಪ್ರಿಲ್ ಮೇ ತಿಂಗಳ ಮಧ್ಯಾಹ್ನ ಧಗೆ ಏರಿ ಏರಿ, ನಾಲ್ಕು ಗಂಟೆಯ ಸುಮಾರಿಗೆ ಗೋಪುರದಂಥ ಮೋಡ ಕಟ್ಟುತ್ತದೆ. ಭರಣಿಯ ಮಳೆ ಅರ್ಧ ಗಂಟೆ ಹೊಡೆದು ನಿಂತ ಮೇಲೆ, ತಿಂಗಳಿಂದ ಗಾಳಿಯಲ್ಲಿ ತೂಗುತ್ತಿದ್ದ ಧೂಳು ನೆಲಕ್ಕಿಳಿದು, ಚಾಮುಂಡಿಬೆಟ್ಟದ ಒಂದೊಂದು ಬಂಡೆಯೂ ಎಣಿಸುವಂತೆ ಕಾಣುತ್ತದೆ. ಪೂರ್ವದಲ್ಲಿ ಕಪ್ಪಾಗಿ ಸರಿಯುತ್ತಿರುವ ಮೋಡ, ಪಶ್ಚಿಮದ ಮೋಡದಂಚಿನ ಕೆಳಗಿಂದ ನುಗ್ಗಿದ ಓರೆಬಿಸಿಲು, ನಡುವೆ ನೀರು ತೊಟ್ಟಿಕ್ಕುವ ಗುಲ್‌ಮೊಹರು: ಬೆಳಗಿನಿಂದ ಸುಣ್ಣವಾಗಿದ್ದ ಆಕಾಶ ಈಗ ಹೂವಿಗೆ ಹಿಡಿದ ಕರಿಯ ಹಲಗೆಯಾಗುತ್ತದೆ. ವರ್ಷದಲ್ಲಿ ನಾಲ್ಕೈದು ಸಂಜೆಗಳಲ್ಲಿ, ಪ್ರತಿ ಸಲ ಹತ್ತು ಹದಿನೈದು ನಿಮಿಷ ಈ ಭಾಗ್ಯ. ಕಾಮನಬಿಲ್ಲು ಬೇಕಾದವರು ಸೂರ್ಯನಿಗೆ ಬೆನ್ನು ಮಾಡಿ ಪೂರ್ವಕ್ಕೆ ನೋಡತಕ್ಕದ್ದು. ಹಳೆಯ ಉಪದೇಶ ಇಲ್ಲೊಂದು ಕಡೆ ಇನ್ನೂ ಸಲ್ಲುತ್ತದೆ. ಗುಡುಗು ಕೇಳುತ್ತಿರುವಾಗ ಮಾತ್ರ ಮರದ ಕೆಳಗೆ ನಿಲ್ಲಬೇಡಿ.

ಜನರ ಚಿತ್ರವನ್ನು ಕುರಿತು ಒಂದು ಮಾತು. ರಾಮನವಮಿಯಂದು ಚಪ್ಪರದ ಕೆಳಗೆ ಪಾನಕ ಕೋಸಂಬರಿ ಹಂಚುವವರು, ತಾರಸಿಯ ಮೇಲೆ ಹಪ್ಪಳ ಸಂಡಿಗೆ ಒಣಗಿಸುವ ಹೆಂಗಸರು, ದೇವರಾಜ ಮಾರುಕಟ್ಟೆಯಲ್ಲಿ ಬಟ್ಟೆಯ ಮರೆ ಕಟ್ಟಿಕೊಂಡು ಮಲ್ಲಿಗೆಯ ದಂಡೆಗೆ ನೀರು ಚಿಮುಕಿಸುವವರು, ಇವರೆಲ್ಲ ಬೇಸಗೆಯ ಚಿತ್ರಕ್ಕೆ ಸೇರಿದವರೇ. ಚಪ್ಪರದ, ಬಟ್ಟೆಯ ನೆರಳಿನಲ್ಲಿ ಮುಖದ ಮೇಲೆ ಕಪ್ಪು ಗುಳಿಗಳಾಗುವುದಿಲ್ಲ. ಎದುರಿನ ಬಿಸಿಲುನೆಲದಿಂದ ಪ್ರತಿಫಲಿಸಿದ ಬೆಳಕು ಕೆಳಗಿನಿಂದ ಬಂದು ಕಣ್ಣನ್ನು ತುಂಬುತ್ತದೆ. ಆದರೆ ಕೇಳಿ ತೆಗೆಯಿರಿ. ತೆಗೆದ ಮೇಲೆ ಒಂದು ಪ್ರತಿಯನ್ನು ಕೊಡಿ. ಕೇಳಿದರೆ ಸಹಜತೆ ಕೆಡುತ್ತದೆಂದು ಆಕ್ಷೇಪಿಸುವವರುಂಟು. ಕೇಳಿ, ಒಪ್ಪಿಗೆ ಪಡೆದು, ಅರ್ಧ ಗಂಟೆ ಅಲ್ಲಿಯೇ ಕುಳಿತರೆ ಕೆಟ್ಟ ಸಹಜತೆ ತಾನಾಗಿ ಹಿಂದಿರುಗುತ್ತದೆ.

ಇಷ್ಟನ್ನೆಲ್ಲ ನಾನು ಬಲ್ಲವನಂತೆ ಹೇಳಿದೆನಾದರೂ, ಕಲಿತುದು ತಡವಾಗಿ. ನಮ್ಮ ಬೀದಿಯ ತಿರುವಿನಲ್ಲಿ ಒಂದು ಹಳೆಯ ಮಳೆಮರವಿತ್ತು. ಸಂಜೆಯಾದೊಡನೆ ಎಲೆಗಳನ್ನು ಮಡಿಸಿಕೊಂಡು, ಬೆಳಗ್ಗೆ ಬಿಚ್ಚಿ, ಹಗಲೆಲ್ಲ ಅರ್ಧ ಬೀದಿಗೆ ನೆರಳಾಗುತ್ತಿತ್ತು. ಹತ್ತಾರು ಬೇಸಗೆಗಳಲ್ಲಿ ಅದರ ನಸುಗೆಂಪು ಹೂವಿನ ಕುಚ್ಚುಗಳನ್ನೂ, ಸೂರ್ಯೋದಯದಲ್ಲಿ ಅದರ ಕೊಂಬೆಗಳ ಹರಹನ್ನೂ ನೂರಾರು ಸಲ ತೆಗೆದಿದ್ದೆ. ರಸ್ತೆ ಅಗಲವಾಗಬೇಕೆಂದು ತೀರ್ಮಾನವಾಗಿ, ಒಂದು ಮಾರ್ಚ್ ತಿಂಗಳಲ್ಲಿ ಎರಡು ದಿನದ ಕೆಲಸದಲ್ಲಿ ಮರ ಹೋಯಿತು. ಆಮೇಲೆ ಪಟಗಳನ್ನು ತೆಗೆದು ನೋಡಿದೆ. ಹೂವಿತ್ತು, ಕೊಂಬೆಯಿತ್ತು, ಆಕಾಶವಿತ್ತು. ನಾವು ದಿನವೂ ಬಂದು ನಿಲ್ಲುತ್ತಿದ್ದ ನೆರಳು ಒಂದರಲ್ಲಿಯೂ ಇರಲಿಲ್ಲ. ಕಡೆಗೆ, ಕೆಟ್ಟದ್ದೆಂದು ಬೇರೆ ಇಟ್ಟಿದ್ದ ಪಟಗಳ ನಡುವೆ ಒಂದು ಸಿಕ್ಕಿತು. ಕೈ ಜಾರಿ, ಕ್ಯಾಮರಾ ನೆಲದ ಕಡೆ ತಿರುಗಿದಾಗ ಬಿದ್ದ ಪಟ, ಮರ ಅದರಲ್ಲಿಲ್ಲ. ಮಧ್ಯಾಹ್ನದ ರಸ್ತೆ, ಅದರ ತುಂಬ ದುಂಡನೆಯ ಬೆಳಕಿನ ಬಿಲ್ಲೆಗಳು, ಎಳನೀರಿನ ರಾಶಿಯ ಒಂದು ಅಂಚು, ಮಲಗಿದ ನಾಯಿ, ಶಾಲೆಯ ಮಕ್ಕಳ ನಾಲ್ಕು ಕಾಲುಗಳು.

ಎಳನೀರು ಮಾರುವವರು ಆ ಪಟದ ಒಂದು ಪ್ರತಿಯನ್ನು ಕೇಳಿ ಪಡೆದರು. ಅವರು ಈಗಲೂ ಅದೇ ತಿರುವಿನಲ್ಲಿ ನೀಲಿ ಪ್ಲಾಸ್ಟಿಕ್ ಹಾಳೆಯೊಂದನ್ನು ಕಟ್ಟಿಕೊಂಡು ಕುಳಿತುಕೊಳ್ಳುತ್ತಾರೆ. ಪಟವನ್ನು ಅದರ ಕಂಬಕ್ಕೆ ಅಂಟಿಸಿದ್ದಾರೆ. ಬಿಸಿಲಿಗೆ ಅದು ಆಗಲೇ ಮಾಸತೊಡಗಿದೆ. ಇನ್ನೊಂದು ಪ್ರತಿ ಮಾಡಿಸಿಕೊಡುವೆನೆಂದು ಹೇಳಿದ್ದೇನೆ.